ಬೆಳಗಾವಿಯಿಂದ ಅಣಶಿಗೆ: ಆನೆಯ ಜಾಡು, ಮಂಗಟ್ಟೆಯ ರೆಕ್ಕೆ

ಮೊದಲೇ ಹೇಳಿಬಿಡುತ್ತೇನೆ. ಆನೆ ಕಾಣಲೇಬೇಕು, ಮಕ್ಕಳಿಗೆ ಮಾತು ಕೊಟ್ಟಾಗಿದೆ ಅನ್ನುವವರು ರೈಲು ಹತ್ತಿ ಮೈಸೂರಿನ ಕಡೆ ಹೋಗಿ. ಬಂಡೀಪುರ, ನಾಗರಹೊಳೆ ನಿಮಗೆ ಸರಿಯಾದ ಜಾಗ. 2023ರ ಗಣತಿಯಂತೆ ಕರ್ನಾಟಕದಲ್ಲಿ 6,395 ಕಾಡಾನೆಗಳಿವೆ. ಅವುಗಳಲ್ಲಿ ಬಹುಪಾಲು ಆ ಕಡೆಯ ಕಾಡುಗಳಲ್ಲೇ ಇರುವುದು. ನಮ್ಮ ಬೆಳಗಾವಿಯಿಂದ ಮೂರು ತಾಸಿನ ದಾರಿಯ ಅಣಶಿ, ದಾಂಡೇಲಿ ಕಾಡಿನಲ್ಲೂ ಆನೆ ಇವೆ. ಆದರೆ ಕಡಿಮೆ. ಇವತ್ತು ಇಲ್ಲಿದ್ದದ್ದು ನಾಳೆ ಇನ್ನೊಂದು ಗುಡ್ಡದಾಚೆ.

ನಾನು ಏಳು ಸಲ ಹೋಗಿದ್ದೇನೆ. ಆನೆ ಕಂಡದ್ದು ಎರಡೇ ಸಲ. ಅದರಲ್ಲಿ ಒಂದು ಸಲ ಬರೀ ಹಿಂಭಾಗ. ಮೊದಲ ಸಲ ಹೋದಾಗ ಒಂದು ಹೋಂಸ್ಟೇಯವರು ಫೋನಿನಲ್ಲಿ "ಆನೆ ಗ್ಯಾರಂಟಿ ರೀ" ಅಂದಿದ್ದರು. ನಂಬಿ ಹೋದೆವು. ಬೆಳಿಗ್ಗೆ ಒಂಬತ್ತಕ್ಕೆ ಎದ್ದು, ಉಪ್ಪಿಟ್ಟು ತಿಂದು, ಕೆಂಪು ಟಿ-ಶರ್ಟ್ ಹಾಕಿಕೊಂಡು ಕಾಡಿಗೆ ಹೊರಟಿದ್ದೆ. ಒಂದು ಮಂಗ ಕಂಡಿತು. ನಮ್ಮ ಕಾಕಾ ದಾರಿಯಲ್ಲಿ ಬಿದ್ದ ಲದ್ದಿ ನೋಡಿ, "ಏನ ತಮ್ಮಾ, ಇದನ್ನ ನೋಡಾಕ ಇಷ್ಟ ದೂರ ಕರಕೊಂಡ ಬಂದಿಯೇನು?" ಅಂದರು. ಆಗ ನಾಚಿಕೆಯಾಯಿತು. ಈಗ ಯಾರಾದರೂ ಹಾಗೆ ಕೇಳಿದರೆ ಹೌದು ಅನ್ನುತ್ತೇನೆ. ಲದ್ದಿ ನೋಡುವುದು ಗೊತ್ತಿದ್ದರೆ ಆ ಕಾಡು ಬೇರೆಯೇ ಕಾಣುತ್ತದೆ.

ಹೋಗುವ ಜಾಗ ಯಾವುದು

ಅಣಶಿ ರಾಷ್ಟ್ರೀಯ ಉದ್ಯಾನ ಉತ್ತರ ಕನ್ನಡದ ಜೋಯಿಡಾ ಕಡೆ ಇದೆ. 1987ರಲ್ಲಿ ಘೋಷಣೆಯಾಯಿತು. ವಿಸ್ತೀರ್ಣ ಸುಮಾರು 340 ಚದರ ಕಿಲೋಮೀಟರ್, ಅಂದರೆ ನಾಗರಹೊಳೆಯ ಅರ್ಧದಷ್ಟು. 2007ರಲ್ಲಿ ಇದನ್ನೂ ಪಕ್ಕದ ದಾಂಡೇಲಿ ಅಭಯಾರಣ್ಯವನ್ನೂ ಸೇರಿಸಿ ಹುಲಿ ಸಂರಕ್ಷಿತ ಪ್ರದೇಶ ಮಾಡಿದರು. 2015ರಲ್ಲಿ ಅದಕ್ಕೆ ಕಾಳಿ ಎಂದು ಹೆಸರಾಯಿತು. ಹಾಗಾಗಿ ಬೋರ್ಡಿನ ಮೇಲೆ 'ಕಾಳಿ ಹುಲಿ ಸಂರಕ್ಷಿತ ಪ್ರದೇಶ' ಅಂತ ಕಂಡರೆ ದಾರಿ ತಪ್ಪಿದೆವು ಅಂದುಕೊಳ್ಳಬೇಡಿ.

ಎರಡೂ ಒಂದೇ ಕಾಡಲ್ಲ. ದಾಂಡೇಲಿ, ಕುಳಗಿ, ಫಣಸೋಲಿ ಕಡೆ ಬಿದಿರು, ಸಾಗವಾನಿ ಜಾಸ್ತಿ. ಬೇಸಿಗೆಯಲ್ಲಿ ಎಲೆ ಉದುರಿ ದೂರದವರೆಗೆ ಕಾಣುತ್ತದೆ. ಆನೆಗೂ ಅದೇ ಇಷ್ಟ. ಅಣಶಿಯದು ಘಟ್ಟದ ಅಂಚಿನ ದಟ್ಟ ಹಸಿರು ಕಾಡು. ಹತ್ತು ಮಾರು ದೂರದಲ್ಲಿ ಆನೆ ನಿಂತಿದ್ದರೂ ಗೊತ್ತಾಗುವುದಿಲ್ಲ. ಸುಮ್ನೆ ಹೆದರಿಸುತ್ತಿಲ್ಲ, ನಿಜವಾಗಲೂ ಹಾಗೆಯೇ. ಅದಕ್ಕೇ ನನ್ನ ಲೆಕ್ಕ ಹೀಗಿದೆ: ಆನೆಗೆ ಫಣಸೋಲಿ, ಮಂಗಟ್ಟೆಗೆ (ಹಾರ್ನ್‌ಬಿಲ್ ಹಕ್ಕಿಗೆ) ಗಣೇಶಗುಡಿ ಮತ್ತು ದಾಂಡೇಲಿ, ದಟ್ಟ ಕಾಡಿನ ಹಕ್ಕಿಗೆ ಅಣಶಿ. ಎರಡು ರಾತ್ರಿ, ಮೂರು ಹಗಲು ಬೇಕು.

ಒಂದೇ ದಿನ ಬಿಡುವಿದ್ದರೆ ನಮ್ಮ ಜಿಲ್ಲೆಯ ಭೀಮಗಡ ಸಾಕು. ಖಾನಾಪುರ ತಾಲೂಕಿನ ಈ ಅಭಯಾರಣ್ಯ 2011ರಲ್ಲಿ ಆದದ್ದು, ಸುಮಾರು 190 ಚದರ ಕಿಲೋಮೀಟರ್. ಹೆಮ್ಮಡಗಾದಲ್ಲಿ ಅರಣ್ಯ ಇಲಾಖೆಯ ಶಿಬಿರವಿದೆ. ಅಲ್ಲಿನ ಬಾರಾಪೇಡೆ ಗುಹೆಗಳಲ್ಲಿ ರಾಟನ್ ಬಾವಲಿ ಎಂಬ ಬಲು ಅಪರೂಪದ ಬಾವಲಿ ಇದೆ. ಗುಹೆ ನೋಡುವ ಹಟ ಬೇಡ. ಅವಕ್ಕೆ ಇರುವುದೇ ಅಷ್ಟು ಜಾಗ.

ಯಾವ ತಿಂಗಳು

ನವೆಂಬರಿನಿಂದ ಫೆಬ್ರವರಿ ಹಕ್ಕಿಗಳ ಕಾಲ. ಚಳಿಗಾಲದ ವಲಸೆ ಹಕ್ಕಿ ಬಂದಿರುತ್ತವೆ, ಮಧ್ಯಾಹ್ನದವರೆಗೂ ತಂಪು. ಆದರೆ ಈ ಹೊತ್ತಿಗೆ ಭತ್ತ ಹಣ್ಣಾಗಿರುತ್ತದೆ. ಆನೆಗಳು ಕಾಡು ಬಿಟ್ಟು ಹಳಿಯಾಳ, ಖಾನಾಪುರದ ಗದ್ದೆಗಳಿಗೆ ಇಳಿಯುತ್ತವೆ, ಕಬ್ಬೂ ಬಿಡುವುದಿಲ್ಲ. ರೈತರು ರಾತ್ರಿಯಿಡೀ ಬೆಂಕಿ ಹಾಕಿಕೊಂಡು ಕಾಯುತ್ತಾರೆ. "ಆನೆ ಬಂದಾವಂತ" ಎಂಬ ಸುದ್ದಿ ಕೇಳಿ ಕಾರು ತಗೊಂಡು ಆ ಊರಿಗೆ ಓಡಬೇಡಿ. ಗದ್ದಲಕ್ಕೆ ಗಾಬರಿಯಾದ ಆನೆ ಎತ್ತ ನುಗ್ಗುತ್ತದೋ ಹೇಳಲಾಗದು. ಅದರ ಏಟು ತಿನ್ನುವವನು ಆ ಊರಿನವನು, ನೀವಲ್ಲ.

ಮಾರ್ಚ್ ಮತ್ತು ಏಪ್ರಿಲ್ ನನಗೆ ಹೆಚ್ಚು ಇಷ್ಟ. ಸೆಖೆ ಹೌದು. ಆದರೆ ಹಳ್ಳಗಳು ಬತ್ತಿ ಪ್ರಾಣಿಗಳು ನೀರಿನ ಹತ್ತಿರ ಬರುತ್ತವೆ. ಮಂಗಟ್ಟೆಗಳು ಗೂಡಿನಲ್ಲಿರುತ್ತವೆ. ನಾನು ಎರಡೂ ಸಲ ಆನೆ ಕಂಡದ್ದು ಮಾರ್ಚಿನಲ್ಲೇ. ಜೂನ್‌ನಿಂದ ಸೆಪ್ಟೆಂಬರ್ ಬೇಡ. ಮಳೆ ಅಂದರೆ ಅಲ್ಲಿ ಮಳೆ.

ಇನ್ನೊಂದು ವಿಷಯ. 2000ದ ದಶಕದ ಆರಂಭದಲ್ಲಿ ಈ ಕಡೆಯ ಆನೆಗಳು ದಾಟಿಕೊಂಡು ಮಹಾರಾಷ್ಟ್ರದ ದೋಡಾಮಾರ್ಗ, ಚಂದಗಡದ ಕಡೆ ಹೋದವು. ಆಮೇಲೆ ಹೋಗಿ ಬಂದು ಮಾಡುತ್ತಲೇ ಇವೆ. ಗಡಿ ವಿಷಯದಲ್ಲಿ ನಾವು ಇಷ್ಟು ವರ್ಷ ಜಗಳಾಡಿದ್ದು ಅವಕ್ಕೆ ಇನ್ನೂ ತಿಳಿದಿಲ್ಲ.

ಹೋಗುವ ಮುಂಚಿನ ಭಾನುವಾರ: ಧೂಪದಾಳದಲ್ಲಿ ತಾಲೀಮು

ಇದನ್ನು ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಕಾಡಿನಲ್ಲಿ ಹಕ್ಕಿ ನೋಡುವುದು ಕಷ್ಟ. ಎಲೆ, ನೆರಳು, ಎತ್ತರದ ಮರ. ದುರ್ಬೀನು ಕಣ್ಣಿಗೆ ಹಿಡಿಯುವುದರೊಳಗೆ ಹಕ್ಕಿ ಹಾರಿಹೋಗಿರುತ್ತದೆ. ಅದಕ್ಕೆ ಮೊದಲು ಬಯಲಿನಲ್ಲಿ ಕೈ ಪಳಗಿಸಿಕೊಳ್ಳಿ. ಗೋಕಾಕ ತಾಲೂಕಿನ ಧೂಪದಾಳದಲ್ಲಿ ಘಟಪ್ರಭಾ ಪಕ್ಷಿಧಾಮವಿದೆ. 1974ರಿಂದ ಇದೆ. ಒಡ್ಡಿನ ಹಿನ್ನೀರಿನಲ್ಲಿ ಚಳಿಗಾಲದ ಬೆಳಿಗ್ಗೆ ಬಾತು, ಕೊಕ್ಕರೆ, ನೀರುಕಾಗೆ ಧಾರಾಳ. ಅದೃಷ್ಟವಿದ್ದರೆ ಮಧ್ಯ ಏಷ್ಯಾದ ಕಡೆಯಿಂದ ಬರುವ ಡೆಮೊಸೆಲ್ ಕ್ರೇನ್ ಕೂಡ.

ಅಲ್ಲಿ ಒಂದೇ ಕೆಲಸ ಮಾಡಿ. ಮೊದಲು ಬರಿಗಣ್ಣಿನಿಂದ ಹಕ್ಕಿ ಹಿಡಿಯಿರಿ. ಅದರ ಮೇಲಿಂದ ದೃಷ್ಟಿ ತೆಗೆಯದೆ, ತಲೆ ಅಲ್ಲಾಡಿಸದೆ, ದುರ್ಬೀನನ್ನು ಕಣ್ಣಿಗೆ ತನ್ನಿ. ಐವತ್ತು ಸಲ ಮಾಡಿದರೆ ಕೈಗೆ ಬರುತ್ತದೆ. ಅಲ್ಲಿ ನಿಂತ ಕೊಕ್ಕರೆ ಓಡಿಹೋಗುವುದಿಲ್ಲ, ನಿಮ್ಮ ತಪ್ಪನ್ನು ಸಹಿಸಿಕೊಳ್ಳುತ್ತದೆ. ಬರುವಾಗ ಕರದಂಟು ತನ್ನಿ.

ಬುಕಿಂಗ್ ಮತ್ತು ದಾರಿ

ಕುಳಗಿಯಲ್ಲೂ ಅಣಶಿಯಲ್ಲೂ ಅರಣ್ಯ ಇಲಾಖೆಯ ನಿಸರ್ಗ ಶಿಬಿರಗಳಿವೆ. ಗಣೇಶಗುಡಿಯಲ್ಲಿ ಸರ್ಕಾರಿ ಜಂಗಲ್ ಲಾಡ್ಜಸ್‌ನ ಓಲ್ಡ್ ಮ್ಯಾಗಝಿನ್ ಹೌಸ್ ಇದೆ. ಸೂಪಾ ಅಣೆಕಟ್ಟು ಕಟ್ಟುವಾಗ ಸಿಡಿಮದ್ದು ಇಡುತ್ತಿದ್ದ ಜಾಗ, ಹೆಸರು ಅಲ್ಲಿಂದ ಬಂತು. ಶನಿವಾರ, ಭಾನುವಾರ ಎಲ್ಲ ಕಡೆ ತುಂಬಿರುತ್ತದೆ, ಜೊತೆಗೆ ರಾಫ್ಟಿಂಗ್ ಗದ್ದಲ. ಸೋಮವಾರದಿಂದ ಗುರುವಾರದೊಳಗೆ ಹೋಗಿ. ಸಫಾರಿ ಫಣಸೋಲಿಯಿಂದ, ಜೀಪಿನಲ್ಲಿ. ಬೆಳಿಗ್ಗೆ ಒಂದು, ಸಂಜೆ ಒಂದು. ಹಿಂದಿನ ದಿನವೇ ಸಮಯ ಕೇಳಿ ಸೀಟು ಹಿಡಿಯಿರಿ. ಬೆಳಗಿನದ್ದನ್ನೇ ತಗೊಳ್ಳಿ.

ಬೆಳಗಾವಿಯಿಂದ ಗೋವಾ ಹೆದ್ದಾರಿ ಹಿಡಿದು ಖಾನಾಪುರ, ಲೋಂಡಾ, ರಾಮನಗರ. ಅಲ್ಲಿಂದ ಜಗಲಬೇಟದ ಕಡೆ ತಿರುಗಿದರೆ ಗಣೇಶಗುಡಿ. ಬಾಗಲಕೋಟೆ, ವಿಜಯಪುರದವರು ಧಾರವಾಡ, ಹಳಿಯಾಳದ ಮೇಲೆ ಬರುವುದು ಸಲೀಸು. ಇಳಕಲ್‌ನವರಿಗಂತೂ ತಮಾಷೆಯೇ. ಊರಿನಿಂದ ಹೊರಡುವ ಕಾರವಾರ ಹೆದ್ದಾರಿಯೇ ಅಣಶಿ ಕಾಡಿನ ನಡುವೆ ಹಾದು ಹೋಗುತ್ತದೆ. ಪೆಟ್ರೋಲು, ರೊಕ್ಕ ಎರಡನ್ನೂ ಖಾನಾಪುರದಲ್ಲೋ ಹಳಿಯಾಳದಲ್ಲೋ ತುಂಬಿಸಿಕೊಳ್ಳಿ. ಜೋಯಿಡಾ ದಾಟಿದ ಮೇಲೆ ಫೋನ್ ಪೇ ಮಾಡೋಕೆ ನೆಟ್‌ವರ್ಕ್ ಹುಡುಕಬೇಕಾಗುತ್ತದೆ.

ಚೀಲದಲ್ಲಿ

ದುರ್ಬೀನು ಕೊಳ್ಳುವುದಾದರೆ 8x42 ಎಂಬ ಅಳತೆಯದು. ಎಂಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ, ಮುಂದಿನ ಗಾಜು 42 ಮಿಲಿಮೀಟರ್ ಅಗಲ ಇರುವುದರಿಂದ ಮಬ್ಬು ಬೆಳಕಿನಲ್ಲೂ ಕಾಣುತ್ತದೆ. ಹತ್ತು ಪಟ್ಟಿನದು ಅಂಗಡಿಯಲ್ಲಿ ಚಂದ, ಜೀಪಿನಲ್ಲಿ ನಡುಗುತ್ತದೆ. ಬಟ್ಟೆ ಮಣ್ಣಿನ ಬಣ್ಣ, ಎಲೆ ಬಣ್ಣ. ಬಿಳಿ, ಕೆಂಪು ಬೇಡ. ಸೆಂಟು ಬೇಡವೇ ಬೇಡ, ಯಾಕೆ ಅಂತ ಮುಂದೆ ಹೇಳುತ್ತೇನೆ. ಮೊಬೈಲಿನಲ್ಲಿ ಮರ್ಲಿನ್ ಎಂಬ ಉಚಿತ ಆ್ಯಪ್ ಇದೆ, ಕೂಗು ಕೇಳಿ ಹಕ್ಕಿಯ ಹೆಸರು ಹೇಳುತ್ತದೆ. ಭಾರತದ ಹಕ್ಕಿಗಳ ಕಟ್ಟನ್ನು ಮನೆಯ ವೈಫೈನಲ್ಲೇ ಇಳಿಸಿಕೊಳ್ಳಿ. ಅದರ ಕೂಗನ್ನು ಕಾಡಿನಲ್ಲಿ ಜೋರಾಗಿ ಹಾಕಿ ಹಕ್ಕಿ ಕರೆಯುವ ಚಾಳಿ ಮಾತ್ರ ಬೇಡ. ಇನ್ನೊಂದು ಗಂಡು ತನ್ನ ಜಾಗಕ್ಕೆ ಬಂತೆಂದು ಅದು ಗೂಡು ಬಿಟ್ಟು ಜಗಳಕ್ಕೆ ಬರುತ್ತದೆ.

ಬುತ್ತಿಗೆ ಕಟಕ ರೊಟ್ಟಿ, ಶೇಂಗಾ ಚಟ್ನಿ ಇದ್ದರೆ ಎರಡು ದಿನದ ಚಿಂತೆ ಇಲ್ಲ. ಬಾಳೆಹಣ್ಣು, ಬೆಲ್ಲ, ಆ ಕರದಂಟು, ಇವನ್ನು ರಾತ್ರಿ ಕಾರಿನಲ್ಲೋ ಟೆಂಟಿನಲ್ಲೋ ಬಿಡಬೇಡಿ. ಆನೆಯ ಮೂಗಿಗೆ ಗಾಜು ಏರಿಸಿದ ಕಿಟಕಿ ಒಂದು ತಡೆಯೇ ಅಲ್ಲ.

ಮೊದಲ ದಿನ: ಮಂಗಟ್ಟೆಗೆ ಕಿವಿ ಕೊಡಿ

ಮಧ್ಯಾಹ್ನ ಗಣೇಶಗುಡಿ ತಲುಪಿ, ಒಂದು ನಿದ್ದೆ ಮಾಡಿ, ನಾಲ್ಕಕ್ಕೆ ಹೊರಬನ್ನಿ. ಈ ಕಡೆ ನಾಲ್ಕು ಬಗೆಯ ಮಂಗಟ್ಟೆ ಇವೆ. ಅಲ್ಲಿನವರು ಹಾರ್ನ್‌ಬಿಲ್ ಅಂತಲೇ ಅನ್ನುತ್ತಾರೆ. ಗುರುತು ಹೀಗೆ: ಮುಖಕ್ಕೆ ಕಪ್ಪು ಪಟ್ಟಿ, ಕುತ್ತಿಗೆ ಹಳದಿ, ಉದ್ದ ಒಂದು ಮೀಟರಿನ ಹತ್ತಿರ ಇದ್ದರೆ ದೊಡ್ಡ ಮಂಗಟ್ಟೆ. ಅದಕ್ಕಿಂತ ಸಣ್ಣದು, ಕಪ್ಪು ಬಿಳುಪು ಮೈ, ಕೊಕ್ಕಿನ ಮೇಲಿನ ಶಿರಸ್ತ್ರಾಣದಲ್ಲಿ ಕಪ್ಪು ಕಲೆ ಇದ್ದರೆ ಮಲಬಾರ್ ಕಪ್ಪು-ಬಿಳಿ ಮಂಗಟ್ಟೆ. ಶಿರಸ್ತ್ರಾಣವೇ ಇಲ್ಲದ ಬೂದು ಹಕ್ಕಿ, ಗಹಗಹಿಸಿ ನಕ್ಕಂತೆ ಕೂಗಿದರೆ ಮಲಬಾರ್ ಬೂದು ಮಂಗಟ್ಟೆ. ನಾಲ್ಕನೆಯದು ಸಾಮಾನ್ಯ ಬೂದು ಮಂಗಟ್ಟೆ. ಅದು ಒಣ ಸೀಮೆಯಲ್ಲೂ ಬದುಕುತ್ತದೆ.

ಹುಡುಕುವುದಕ್ಕೆ ಓಡಾಡಬೇಡಿ. ಹಣ್ಣು ಬಿಟ್ಟ ಅತ್ತಿ, ಆಲ, ಬಸರಿ ಮರ ಎಲ್ಲಿದೆ ಎಂದು ಗೈಡನ್ನು ಕೇಳಿ. ಅದರಿಂದ ಸ್ವಲ್ಪ ದೂರ, ನೆರಳಿನಲ್ಲಿ ಒಂದು ತಾಸು ಕೂತುಬಿಡಿ. ಮೊದಲು ಕಾಣುವುದಿಲ್ಲ, ಕೇಳುತ್ತದೆ. ದೊಡ್ಡ ಮಂಗಟ್ಟೆ ಹಾರುವಾಗ ರೆಕ್ಕೆಯ ಗರಿಗಳ ಸಂದಿಯಲ್ಲಿ ಗಾಳಿ ನುಗ್ಗಿ ಹಳೆಯ ಉಗಿಬಂಡಿಯಂತೆ ಭುಸ್ ಭುಸ್ ಎನ್ನುತ್ತದೆ. ಲೋಂಡಾ ಜಂಕ್ಷನ್ನಿನಲ್ಲಿ ಆ ಗಾಡಿ ಕಂಡ ಹಿರಿಯರು ಜೊತೆಗಿದ್ದರೆ ಕೂಡಲೇ ಗುರುತು ಹಿಡಿಯುತ್ತಾರೆ. ದಾಂಡೇಲಿಯ ಕಟ್ಟಿಗೆ ಡಿಪೋದ ದೊಡ್ಡ ಮರಗಳಿಗೂ ಬೆಳಿಗ್ಗೆ, ಸಂಜೆ ಬರುತ್ತವೆ. ಊರಿನ ನಡುವೆ, ಲಾರಿ ಸದ್ದಿನ ನಡುವೆ. 2011ರಲ್ಲಿ ಈ ಭಾಗದ ಕಾಡನ್ನು ಮಂಗಟ್ಟೆಗಳಿಗಾಗಿಯೇ ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದಾರೆ.

ಮಾರ್ಚಿನಲ್ಲಿ ಹೋದರೆ ಗಂಡು ಒಂಟಿಯಾಗಿ ಹಾರುವುದು ಕಾಣುತ್ತದೆ. ಹೆಣ್ಣು ಮರದ ಪೊಟರೆಯೊಳಗೆ ಕೂತು, ಬಾಗಿಲನ್ನು ಮೆತ್ತಿ, ಒಂದು ಸೀಳು ಮಾತ್ರ ಬಿಟ್ಟುಕೊಂಡಿರುತ್ತದೆ. ಒಳಗೇ ರೆಕ್ಕೆಯ ಗರಿ ಉದುರಿಸಿಕೊಳ್ಳುತ್ತದೆ, ಹಾರಲೂ ಆಗದು. ವಾರಗಟ್ಟಲೆ ಅದರ ಊಟ ಗಂಡಿನ ಕೊಕ್ಕಿನಿಂದಲೇ. ನೀವು ಗೂಡಿನ ಮರದ ಕೆಳಗೆ ಕ್ಯಾಮೆರಾ ಹಿಡಿದು ನಿಂತರೆ ಗಂಡು ಹತ್ತಿರ ಬರುವುದಿಲ್ಲ. ನಿಮಗೊಂದು ಫೋಟೋ ತಪ್ಪಿತು ಅಷ್ಟೇ. ಅದಕ್ಕೆ ಒಂದು ಹೊತ್ತಿನ ಊಟ. "ಗೂಡು ತೋರಸ್ತೀನಿ ಬರ್ರಿ" ಅನ್ನುವ ಗೈಡಿಗೆ ಬೇಡ ಅನ್ನಿ.

ಒಂದು ಎಚ್ಚರಿಕೆ. ಕಾಳಿ ನದಿಯ ಬಂಡೆಗಳ ಮೇಲೆ ಕೂತು ಮೀಂಚುಳ್ಳಿ ನೋಡುವ ಆಸೆ ಯಾರಿಗೂ ಆಗುತ್ತದೆ. ಸೂಪಾದಲ್ಲಿ ಕರೆಂಟು ತೆಗೆಯಲು ನೀರು ಬಿಟ್ಟಾಗ ಇಲ್ಲಿ ಹೊಳೆ ಏರುತ್ತದೆ. ಅಲ್ಲಿನವರನ್ನು ಕೇಳದೆ ನೀರಿಗೆ ಇಳಿಯಬೇಡಿ.

ಎರಡನೆಯ ದಿನ: ಲದ್ದಿ, ಹೆಜ್ಜೆ, ಮುರಿದ ಬಿದಿರು

ಬೆಳಗಿನ ಸಫಾರಿ. ಜೀಪು ಹತ್ತುವ ಮುಂಚೆ ಡ್ರೈವರಿಗೆ ಒಂದು ಮಾತು ಹೇಳಿ: "ಪ್ರಾಣಿ ಕಾಣದಿದ್ದರೂ ನಡೆಯುತ್ತೆ, ಜಾಡು ಕಂಡಲ್ಲೆಲ್ಲ ನಿಲ್ಲಿಸಿ." ಅವನ ಮುಖವೇ ಬದಲಾಗುತ್ತದೆ. ದಿನಾ ಹುಲಿ ತೋರಿಸು ಎಂದು ಬೈಸಿಕೊಂಡು ಸಾಕಾಗಿರುತ್ತದೆ ಅವರಿಗೆ. ನಮ್ಮ ಜೊತೆ ಬಂದಿದ್ದ ಕುಣಬಿ ಸಮುದಾಯದ ಗೈಡ್ ಹೀಗೆ ಹೇಳಿದ್ದೇ ತಡ, ಗಾಡಿ ನಿಲ್ಲಿಸಲು ಹೇಳಿ ಲದ್ದಿಯ ಪಕ್ಕ ಕುಕ್ಕರುಗಾಲಲ್ಲಿ ಕೂತ. "ಸಾಹೇಬ್ರ, ಕೈ ಹಚ್ಚಿ ನೋಡ್ರಿ. ಬೆಚ್ಚಗ ಐತಿ." ಅಲ್ಲಿಂದ ನನ್ನ ಪಾಠ ಶುರು.

ಲದ್ದಿ ಬೆಚ್ಚಗಿದ್ದು, ಮೇಲೆ ಎಣ್ಣೆ ಸವರಿದ ಹಾಗೆ ಹೊಳಪಿದ್ದರೆ ಆನೆ ಈಗಷ್ಟೇ ಹೋಗಿದೆ. ಆಗ ಕೆಳಗಿಳಿಯುವುದಲ್ಲ, ಜೀಪಿನಲ್ಲೇ ಕೂತು ಕಿವಿಗೊಡುವುದು. ಹೊಳಪು ಹೋಗಿ ಒಳಗೆ ಮಾತ್ರ ಹಸಿ ಇದ್ದರೆ ನಿನ್ನೆಯದು. ಪೂರ್ತಿ ಒಣಗಿ, ಗೆದ್ದಲು ಹತ್ತಿ, ಅಣಬೆ ಎದ್ದಿದ್ದರೆ ಹಳೆಯ ಸುದ್ದಿ. ಉಂಡೆ ಒಡೆದು ನೋಡಿದರೆ ನಾರೇ ನಾರು. ಆನೆ ದಿನಕ್ಕೆ ನೂರು ಕಿಲೋಗಿಂತ ಜಾಸ್ತಿ ತಿಂದರೂ ಅರ್ಧದಷ್ಟೂ ಜೀರ್ಣವಾಗುವುದಿಲ್ಲ. ನಾರು ಉದ್ದುದ್ದ ಉಳಿದಿದ್ದರೆ ಹಲ್ಲು ಸವೆದ ಮುದಿ ಆನೆ ಇರಬಹುದು. ಕಬ್ಬಿನ ಸಿಪ್ಪೆ, ಭತ್ತದ ಹೊಟ್ಟು ಕಂಡರೆ ಯಾರದೋ ಗದ್ದೆಗೆ ಹೋಗಿ ಬಂದಿದೆ.

ಹೆಜ್ಜೆ ಗುರುತಿನಲ್ಲಿ ದುಂಡಗಿರುವುದು ಮುಂಗಾಲು, ಮೊಟ್ಟೆಯಂತೆ ಉದ್ದವಿರುವುದು ಹಿಂಗಾಲು. ಉಗುರಿನ ಗುರುತು ಇರುವ ಕಡೆಗೆ ಆನೆ ಹೋಗಿದೆ. ಇನ್ನು ಒಂದು ಮೋಜಿನ ಲೆಕ್ಕ: ಮುಂಗಾಲಿನ ಗುರುತಿನ ಸುತ್ತಳತೆಯನ್ನು ಹುರಿಯಿಂದ ಅಳೆಯಿರಿ. ಅದರ ಎರಡರಷ್ಟೇ ಹೆಚ್ಚುಕಡಿಮೆ ಆನೆಯ ಭುಜದ ಎತ್ತರ. 1.3 ಮೀಟರ್ ಬಂದರೆ 2.6 ಮೀಟರಿನ ಆನೆ. ನಮ್ಮ ಕಾಕಾ ಇದನ್ನು ನಂಬಲಿಲ್ಲ. ಸ್ವಲ್ಪ ಮುಂದೆ ಮರದ ಕಾಂಡಕ್ಕೆ ಆನೆ ಮೈ ಉಜ್ಜಿ ಹೋದ ಕೆಸರಿತ್ತು. ಕೈ ಎತ್ತಿ ನಿಂತರೂ ಅವರಿಗೆ ಕೆಸರಿನ ಮೇಲಂಚು ಎಟುಕಲಿಲ್ಲ. ಆಮೇಲೆ ಮಾತಿಲ್ಲ, ಬೀಡಿ ಹಚ್ಚುವುದನ್ನೂ ಮರೆತರು. ಕಾಡಿನಲ್ಲಿ ಹಚ್ಚಲೂಬಾರದು ಬಿಡಿ.

ಬಿದಿರು ಮುರಿದಿದ್ದರೆ ಎಲೆ ನೋಡಿ. ಬಾಡಿಲ್ಲದಿದ್ದರೆ ಇವತ್ತಿನದು. ಸಾಗವಾನಿಯ ತೊಗಟೆಯನ್ನು ಉದ್ದಕ್ಕೆ ಸುಲಿದಿದ್ದರೂ ಅದರದ್ದೇ ಕೆಲಸ. ಇವೆಲ್ಲಾ ಒಂದೇ ದಾರಿಯಲ್ಲಿ ಸಿಕ್ಕರೆ ಸುಮ್ನೆ ನಿಂತು ಕೇಳಿ. ಬಿದಿರು ಟಪ್ ಎಂದು ಸೀಳುವ ಸದ್ದು, ಹೊಟ್ಟೆ ಗುಡುಗಿದಂಥ ಸದ್ದು. ನಾನು ಮೊದಲ ಆನೆ ಕಂಡದ್ದು ಹೀಗೆ ನಿಂತಾಗಲೇ. ಇಪ್ಪತ್ತು ನಿಮಿಷ ಏನೂ ಇರಲಿಲ್ಲ. ಆ ಹೊತ್ತಿನಲ್ಲಿ ಒಂದು ಭೀಮರಾಜ ಹಕ್ಕಿ ನಮ್ಮ ತಲೆಯ ಮೇಲಿನ ಕೊಂಬೆಯಲ್ಲಿ ಕೂತು ಯಾರ್ಯಾರದೋ ಧ್ವನಿ ಅಣಕಿಸುತ್ತಿತ್ತು. ಅದನ್ನು ನೋಡುತ್ತಿದ್ದಾಗ ಪಕ್ಕದ ಬಿದಿರು ಮೆಳೆಯಿಂದ ಒಂದು ಬೂದು ಗೋಡೆ ಸರಿದು, ದಾರಿ ದಾಟಿ, ಹೋಯಿತು. ಹಿಂಭಾಗ ಅಂದೆನಲ್ಲ, ಅದು ಇದೇ.

ಆನೆ ಎದುರಾದರೆ

ಆನೆಗೆ ಕಣ್ಣು ಅಷ್ಟು ಚುರುಕಲ್ಲ, ಮೂಗು ಬಲು ಚುರುಕು. ಸೆಂಟು ಬೇಡ ಅಂದದ್ದು ಅದಕ್ಕೆ. ಗಾಳಿ ನಿಮ್ಮಿಂದ ಅದರ ಕಡೆ ಬೀಸುತ್ತಿದ್ದರೆ ನೀವು ಅದನ್ನು ಕಾಣುವ ಮೊದಲೇ ಅದಕ್ಕೆ ನೀವು ಗೊತ್ತು.

ಕಿವಿ ಬೀಸುತ್ತಾ, ಬಾಲ ಅಲ್ಲಾಡಿಸುತ್ತಾ ಮೇಯುತ್ತಿದ್ದರೆ ನೆಮ್ಮದಿಯಾಗಿದೆ ಎಂದರ್ಥ. ಕಿವಿ ಅಗಲಿಸಿ ನಿಶ್ಚಲವಾಗಿ ನಿಂತಿತೋ, ಸೊಂಡಿಲು ಎತ್ತಿ ಗಾಳಿ ಮೂಸಿತೋ, ಮಣ್ಣು ಎರಚಿತೋ, ನಿಮ್ಮಿಂದ ಕಿರಿಕಿರಿಯಾಗಿದೆ. ಹಾರ್ನ್, ಫ್ಲಾಶ್ ಎರಡೂ ಬೇಡ. ಗಾಡಿಯಿಂದ ಇಳಿಯಬೇಡಿ. ನಿಧಾನಕ್ಕೆ ಹಿಂದೆ ಸರಿಯಿರಿ. ಎಷ್ಟೋ ಸಲ ಅದು ನುಗ್ಗಿದಂತೆ ಮಾಡಿ ನಿಂತುಬಿಡುತ್ತದೆ. ಆದರೆ ಯಾವುದು ನಾಟಕ, ಯಾವುದು ನಿಜ ಎಂದು ಪರೀಕ್ಷೆ ಮಾಡುವ ಕೆಲಸ ನಮ್ಮದಲ್ಲ. ಕಣ್ಣು ಮತ್ತು ಕಿವಿಯ ನಡುವೆ ಎಣ್ಣೆಯಂತೆ ಏನೋ ಸುರಿಯುತ್ತಿರುವ ಗಂಡಾನೆ ಮದದಲ್ಲಿದೆ. ಅದನ್ನು ಕಂಡರೆ ಫೋಟೋ ಮಾತೇ ಬೇಡ. ಮರಿ ಇರುವ ಗುಂಪಾದರೆ ಇನ್ನೂ ದೂರ. ಗಾರ್ಡ್ ಅಥವಾ ಗೈಡ್ ಇಲ್ಲದೆ ನಡೆದು ಹೋಗುವುದನ್ನಂತೂ ಬಿಟ್ಟೇಬಿಡಿ.

ಮೂರನೆಯ ದಿನ: ಅಣಶಿ

ಬೆಳಕು ಹರಿಯುವ ಮುಂಚೆ ಹೊರಟು ಜೋಯಿಡಾ, ಕುಂಬಾರವಾಡ ದಾಟಿದರೆ ಅಣಶಿ. ರಾತ್ರಿ ಅಲ್ಲಿನ ಶಿಬಿರದಲ್ಲೇ ಉಳಿದಿದ್ದರೆ ಇನ್ನೂ ಒಳ್ಳೆಯದು. ಇಲ್ಲಿ ಆನೆಯನ್ನು ಮರೆತುಬಿಡಿ. ಬೆಳಕು ಬೀಳುವ ಮೊದಲು ಸಿಳ್ಳಾರ ಹಾಡುತ್ತದೆ. ಯಾರೋ ಹುಡುಗ ಸಿಳ್ಳೆ ಹಾಕುತ್ತಾ, ಅರ್ಧಕ್ಕೆ ರಾಗ ಮರೆತು, ಮತ್ತೆ ಶುರುಮಾಡಿದ ಹಾಗೆ. ಅನುಮತಿ ಇರುವ ದಾರಿಯಲ್ಲಿ ಸಿಬ್ಬಂದಿ ಜೊತೆ ನಿಧಾನಕ್ಕೆ ನಡೆಯಿರಿ. ಹತ್ತು ಹೆಜ್ಜೆ, ಎರಡು ನಿಮಿಷ ನಿಲ್ಲುವುದು. ಮಲಬಾರ್ ಟ್ರೋಗನ್ ಸಿಗುವುದು ಹೀಗೇ. ಕೆಂಪು ಹೊಟ್ಟೆ, ಕಪ್ಪು ತಲೆಯ ಗಂಡು ಮಧ್ಯದ ಕೊಂಬೆಯಲ್ಲಿ ಅಲ್ಲಾಡದೆ ಕೂತಿರುತ್ತದೆ. ಕಂದು ಬೆನ್ನನ್ನು ನಮ್ಮ ಕಡೆ ತಿರುಗಿಸಿಕೊಂಡರೆ ಮುಗಿಯಿತು, ಕಾಣುವುದಿಲ್ಲ.

ಒಂದೇ ಬಗೆಯ ಹಕ್ಕಿಗಾಗಿ ಹುಡುಕಬೇಡಿ. ಈ ಕಾಡಿನಲ್ಲಿ ಹತ್ತಾರು ಬಗೆಯ ಸಣ್ಣ ಹಕ್ಕಿಗಳು ಸಂತೆಗೆ ಹೊರಟ ಹಾಗೆ ಒಟ್ಟಿಗೆ ಬರುತ್ತವೆ. ಅರ್ಧ ತಾಸು ಏನೂ ಇರುವುದಿಲ್ಲ, ಆಮೇಲೆ ಮರಕುಟಿಗ, ಪಿಕಳಾರ, ನೊಣಹಿಡುಕ ಎಲ್ಲ ಒಂದೇ ಮರದಲ್ಲಿ. ಐದು ನಿಮಿಷದಲ್ಲಿ ಖಾಲಿ. ಹೆಸರು ಆಮೇಲೆ ನೋಡಿಕೊಳ್ಳಿ, ಮೊದಲು ನೋಡಿ.

ವಾಪಸ್

ಮಧ್ಯಾಹ್ನ ಊಟ ಮುಗಿಸಿ ಹೊರಟುಬಿಡಿ. ಲೋಂಡಾ, ರಾಮನಗರದ ಕಾಡು ದಾರಿಯನ್ನು ಬೆಳಕಿರುವಾಗಲೇ ದಾಟಬೇಕು. ಮುಸ್ಸಂಜೆಯಲ್ಲಿ ಬೂದು ಆನೆಗೂ ಡಾಂಬರಿಗೂ ವ್ಯತ್ಯಾಸ ತಿಳಿಯುವುದಿಲ್ಲ.

ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ನೀವೂ ಸ್ನಾನ ಮಾಡಿ. ಸೊಂಟ, ಕಂಕುಳು, ಮೊಣಕಾಲ ಹಿಂದೆ ಉಣ್ಣಿ ಹತ್ತಿದೆಯೇ ನೋಡಿ. ಉತ್ತರ ಕನ್ನಡದಲ್ಲಿ ಡಿಸೆಂಬರಿನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ, ಅದನ್ನು ಹರಡುವುದು ಈ ಉಣ್ಣಿಯೇ. ಕಾಡಿನಲ್ಲಿ ಸತ್ತ ಮಂಗ ಕಂಡಿದ್ದರೆ ಮುಟ್ಟದೆ ಅಲ್ಲಿನ ಸಿಬ್ಬಂದಿಗೆ ಹೇಳಿರಬೇಕು. ಬಂದ ಒಂದೆರಡು ವಾರದೊಳಗೆ ಜೋರು ಜ್ವರ, ತಲೆನೋವು ಬಂದರೆ ಮೆಡಿಕಲ್ ಅಂಗಡಿಯ ಗುಳಿಗೆ ನುಂಗಿ ಮಲಗಬೇಡಿ. ಡಾಕ್ಟರ ಹತ್ತಿರ ಹೋಗಿ, ಕಾಡಿಗೆ ಹೋಗಿದ್ದೆ ಎಂಬ ಮಾತನ್ನು ಮೊದಲು ಹೇಳಿ.